ಚೆಂಡು ಕೈಯಲ್ಲಿಲ್ಲದ 36 ನಿಮಿಷ

ಅಪ್ಪ ನನ್ನ ಮ್ಯಾಚ್ ನೋಡಿದ್ದು ಒಂದೇ ಸಲ. ಆಗ ನಾನು ಎಫ್‌ವೈ ಬಿಕಾಂ, ಅಂದರೆ ಮೊದಲ ವರ್ಷ. ಅವರು ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟದ ರಶ್ ಮುಗಿದ ಮೇಲೆ ಸಿಗುವ ಬಿಡುವಿನಲ್ಲಿ ಬಂದು ಕಾಂಪೌಂಡ್ ಗೋಡೆಯ ಪಕ್ಕ ನಿಂತಿದ್ದರು. ಬಾಸ್ಕೆಟ್‌ಬಾಲ್ ಅವರಿಗೆ ಏನೇನೂ ಗೊತ್ತಿರಲಿಲ್ಲ. ಅವತ್ತು ನಾನು 14 ಪಾಯಿಂಟ್ ಹಾಕಿದ್ದೆ, ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ. ಆದರೂ ಸೋತಿದ್ದೆವು. ಉಳಿದವರು ಆಡಲಿಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಸ್ಟೇಷನ್ನಿಗೆ ನಡೆಯುವಾಗ ಅಪ್ಪ ತಮ್ಮ ಕುಂದಾಪ್ರ ಕನ್ನಡದಲ್ಲಿ ಕೇಳಿದರು: “ಚೆಂಡ್ ಕೈಯಲ್ ಇಲ್ದಿದ್ರೆ ನೀ ಸುಮ್ನೆ ನಿಂತ್ಕಂಡೇ ಇಪ್ಪುದಲ್ದಾ ಮಗಾ? ನಮ್ ಹೋಟ್ಲಲ್ಲಿ ಕೈ ಖಾಲಿ ಇದ್ದ ಮಾಣಿ ಹಾಂಗ್ ನಿಂತ್ರೆ ಧಣಿ ಬಿಡ್ತ್ರಾ?”

ಮೈದಾನದಲ್ಲಿ ಎಲ್ಲರೂ ಚೆಂಡನ್ನು ನೋಡುತ್ತಾರೆ. ಅಪ್ಪ ನೋಡಿದ್ದು ಮಗಳನ್ನು ಮಾತ್ರ. ಅದಕ್ಕೇ ಬೇರೆ ಯಾರಿಗೂ ಕಾಣದ್ದು ಅವರಿಗೆ ಕಂಡಿತು.

ರಾತ್ರಿ ಡೊಂಬಿವಲಿಯ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್ ಅಂದರೆ 40 ನಿಮಿಷ. ಅಂಗಳದಲ್ಲಿ ಎರಡೂ ಕಡೆ ಸೇರಿ ಹತ್ತು ಜನ, ಚೆಂಡು ಒಂದೇ. ಸಮ ಪಾಲು ಮಾಡಿದರೂ ಒಬ್ಬಳಿಗೆ 4 ನಿಮಿಷ. ಅದೂ ಪೂರ್ತಿ ಸಿಗುವುದಿಲ್ಲ, ಚೆಂಡು ಗಾಳಿಯಲ್ಲಿರುವ ಹೊತ್ತು ಯಾರದೂ ಅಲ್ಲ. ನಾನು ಬೆಳಗ್ಗೆ ಆರಕ್ಕೆ ಬಂದು ಅಭ್ಯಾಸ ಮಾಡುತ್ತಿದ್ದದ್ದೆಲ್ಲ ಆ 4 ನಿಮಿಷಕ್ಕೆ: ಡ್ರಿಬಲ್, ಲೇಅಪ್, ಶಾಟ್. ಉಳಿದ 36 ನಿಮಿಷಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಅಪ್ಪ ಹೋಟೆಲಿನಿಂದ ಖಾಲಿ ಬಿಲ್ ಪುಸ್ತಕಗಳನ್ನು ತಂದುಕೊಟ್ಟರು. ಐಟಂ ಬರೆಯುವ ಜಾಗದಲ್ಲಿ ನಾನು ನಾಲ್ಕು ಸಾಲು ಬರೆದೆ: ಕೂಗಿದ್ದು, ತಡೆದದ್ದು, ಸ್ಕ್ರೀನ್ ಹಾಕಿದ್ದು, ನಿಂತದ್ದು. ಬೆಂಚಿನಲ್ಲಿ ಕೂತ ಗೆಳತಿ ಗೆರೆ ಎಳೆಯುತ್ತಿದ್ದಳು. ಮೊದಲ ಮ್ಯಾಚಿನಲ್ಲಿ ‘ನಿಂತದ್ದು’ ಸಾಲು ಹಾಳೆ ತುಂಬಿ ಹಿಂದಿನ ಪುಟಕ್ಕೂ ಹೋಯಿತು. ‘ಕೂಗಿದ್ದು’ ಸಾಲಿನಲ್ಲಿ ಎರಡೇ ಗೆರೆ.

ಹಾಗಾಗಿ ಮೊದಲು ಹಿಡಿದದ್ದು ಕೂಗುವುದನ್ನು. ಕೂಗುವುದು ಅಂದರೆ ಹುರಿದುಂಬಿಸುವುದಲ್ಲ. ಚೆಂಡಿರುವ ಹುಡುಗಿಯನ್ನು ಕಾಯುತ್ತಿರುವವಳಿಗೆ ಬೆನ್ನ ಹಿಂದೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ. ಎದುರಾಳಿ ತಂಡದ ಇನ್ನೊಬ್ಬಳು ಬಂದು ಗೋಡೆಯ ಹಾಗೆ ನಿಲ್ಲುತ್ತಾಳೆ, ಇದೇ ಸ್ಕ್ರೀನ್. ಇವಳು ಪಕ್ಕಕ್ಕೆ ಸರಿದಾಗ ಹೋಗಿ ಡಿಕ್ಕಿ ಹೊಡೆಯುತ್ತಾಳೆ. ಹಿಂದೆ ಇರುವವರೇ ಅವಳ ಕಣ್ಣು. ಬರೀ “ಸ್ಕ್ರೀನ್” ಎಂದು ಕೂಗಿದರೆ ಉಪಯೋಗ ಇಲ್ಲ. ಯಾರಿಗೆ, ಯಾವ ಕಡೆಯಿಂದ ಅನ್ನುವುದು ಬೇಕು. ಅದೂ ಡಿಕ್ಕಿ ಆಗುವ ಮೊದಲೇ.

ಹೋಟೆಲಿನಲ್ಲಿ ಬೆಳೆದವಳಿಗೆ ಇದು ಹೊಸದಾಗಬಾರದಿತ್ತು. ಬಿಸಿ ಸಾಂಬಾರಿನ ಬಕೆಟ್ ಹಿಡಿದು ಬರುವವನು “ಸೈಡ್, ಸೈಡ್, ಬಿಸಿ!” ಎಂದು ಕೂಗಿಕೊಂಡೇ ಬರುತ್ತಾನೆ. ಎದುರಿನವನು ತಿರುಗಿ ನೋಡುವುದೂ ಇಲ್ಲ, ದನಿ ಬಂದ ಕಡೆಯಿಂದ ಪಕ್ಕಕ್ಕೆ ಸರಿಯುತ್ತಾನೆ. ಆ ದನಿಯಲ್ಲಿ ನಾಚಿಕೆ ಇರುವುದಿಲ್ಲ, ಸಿಟ್ಟೂ ಇರುವುದಿಲ್ಲ. ನಮ್ಮ ಹುಡುಗಿಯರಿಗೆ ತಡೆ ಇರುವುದು ಅಲ್ಲೇ. ಮೆಲ್ಲಗೆ ಮಾತಾಡು ಅಂತ ಕೇಳಿಕೊಂಡೇ ಬೆಳೆದಿರುತ್ತೇವೆ. ಶಾಟ್ ಹೊಡೆಯಲು ಕಲಿತ ಹುಡುಗಿಗೂ ಹತ್ತು ಮೀಟರ್ ದೂರಕ್ಕೆ ಕೇಳುವ ಹಾಗೆ ಕೂಗಲು ಎರಡು ವರ್ಷ ಬೇಕಾಗುತ್ತದೆ.

ನಮ್ಮ ತಂಡದಲ್ಲಿ ಮರಾಠಿ, ಗುಜರಾತಿ, ಮಲಯಾಳಿ ಹುಡುಗಿಯರಿದ್ದರು, ಕನ್ನಡದವರು ನಾವಿಬ್ಬರು. ನಾವಿಬ್ಬರೂ “ಎಡ!” “ಬಲ!” ಎಂದು ಕೂಗಿಕೊಳ್ಳುವುದನ್ನು ಕೇಳಿ ಉಳಿದವರೂ ಕಲಿತರು. ಎರಡೇ ಅಕ್ಷರ, ಓಡುವಾಗ ಬಾಯಿಗೆ ಸುಲಭ, ಎದುರಿನವರಿಗೂ ಅರ್ಥವಾಗದು. ಒಂದು ಇಂಟರ್‌ಕಾಲೇಜ್ ಮ್ಯಾಚಿನಲ್ಲಿ ಮಾತ್ರ ನಾವು “ಬಲ” ಎಂದಾಗಲೆಲ್ಲ ಎದುರು ತಂಡದ ಗಾರ್ಡ್ ಎಡಕ್ಕೇ ತಿರುಗುತ್ತಿದ್ದಳು. ಹಾಫ್‌ಟೈಮಿನಲ್ಲಿ ನೀರು ಕುಡಿಯುತ್ತಾ ಹತ್ತಿರ ಬಂದು “ನಿಮ್ಮ ಊರು ಎಲ್ಲಿ?” ಎಂದಳು. ಕಾರ್ಕಳದವಳು! ಅವಳು ಇವತ್ತಿಗೂ ನನ್ನ ಗೆಳತಿ.

ಎರಡನೆಯದು ತಡೆಯುವುದು, ಆಟದ ಭಾಷೆಯಲ್ಲಿ ಬಾಕ್ಸ್ ಔಟ್: ತಪ್ಪಿದ ಶಾಟ್ ಪುಟಿದು ಬರುವಾಗ, ಅಂದರೆ ರೀಬೌಂಡಿಗೆ, ಎದುರಾಳಿಯನ್ನು ಬೆನ್ನ ಹಿಂದೆಯೇ ತಡೆದಿಡುವುದು. ಇದನ್ನು ನಾನು ಕಲಿತದ್ದು ನಾಗ್‌ಪಾಡಾದಲ್ಲಿ. ಮುಂಬೈಯ ಬಾಸ್ಕೆಟ್‌ಬಾಲಿಗೆ ನಾಗ್‌ಪಾಡಾ ತವರುಮನೆ ಇದ್ದ ಹಾಗೆ. ಆ ಗಲ್ಲಿಗಳಿಂದ ರಾಜ್ಯಕ್ಕೂ ದೇಶಕ್ಕೂ ಆಡಿದವರು ಎಷ್ಟೋ ಜನ. ಶನಿವಾರ ಸಂಜೆ ಅಲ್ಲಿಗೆ ಹೋಗಿ ಸಿಕ್ಕವರ ಜೊತೆ ಆಡುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಒಬ್ಬರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಲವತ್ತು ದಾಟಿದವರು, ನನ್ನ ಭುಜದಷ್ಟೂ ಎತ್ತರ ಇಲ್ಲ. ಆದರೆ ರೀಬೌಂಡ್ ಎಲ್ಲ ಅವರದ್ದೇ. ನನಗೆ ಅರ್ಥವೇ ಆಗುತ್ತಿರಲಿಲ್ಲ, ಅವರು ಹಾರುತ್ತಲೇ ಇರಲಿಲ್ಲವಲ್ಲ.

ಕೇಳಿದ್ದಕ್ಕೆ ಚೆಂಡನ್ನು ಅಂಗಳದ ನಡುವಿನ ವೃತ್ತದಲ್ಲಿ ಇಟ್ಟರು. “ನಾನು ಅದರ ಮುಂದೆ ನಿಲ್ಲುತ್ತೇನೆ. ಐದು ಎಣಿಸುವುದರೊಳಗೆ ನೀನು ಮುಟ್ಟು, ನೋಡೋಣ” ಎಂದರು. ನಾನು ಎಡಕ್ಕೆ ಹೋದೆ. ಅವರ ಮುಂಗೈ ನನ್ನ ಎದೆಗೆ ತಾಗಿತು, ಅಷ್ಟೇ. ತಳ್ಳಲಿಲ್ಲ. ನಾನು ಎಲ್ಲಿದ್ದೇನೆ ಎಂದು ಆ ಕೈ ನೋಡಿಕೊಂಡಿತು. ಮರುಕ್ಷಣ ಅವರು ಒಂದು ಪಾದದ ಮೇಲೆ ತಿರುಗಿ ಬೆನ್ನು ಕೊಟ್ಟರು, ಮೊಣಕಾಲು ಬಗ್ಗಿಸಿ ಕುರ್ಚಿಯಲ್ಲಿ ಕೂತ ಹಾಗೆ ಕೆಳಗಾದರು. ಅವರ ಸೊಂಟ ನನ್ನ ತೊಡೆಗೆ ಒತ್ತಿತ್ತು. ನಾನು ಬಲಕ್ಕೆ ಸರಿದರೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಅವರೂ ಬಲಕ್ಕೆ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಐದು ಎಣಿಸಿ ಮುಗಿದಾಗ ಚೆಂಡು ಇಟ್ಟಲ್ಲೇ ಇತ್ತು.

“ಶಾಟ್ ಹೋದ ಕೂಡಲೇ ಎಲ್ಲರೂ ಮೇಲೆ ನೋಡ್ತಾರೆ. ನೀನು ಮೊದಲು ನಿನ್ನ ಹುಡುಗಿಯನ್ನು ಹುಡುಕು. ಚೆಂಡು ಹೇಗಿದ್ದರೂ ಕೆಳಗೆ ಬಂದೇ ಬರುತ್ತೆ” ಎಂದರು ಆಪಾ.

ರಿಂಗಿನ ಎತ್ತರ ಗಂಡಸರಿಗೂ ಹೆಂಗಸರಿಗೂ ಒಂದೇ, 3.05 ಮೀಟರ್. ನಮ್ಮ ಕಾಲೇಜು ಮ್ಯಾಚುಗಳಲ್ಲಿ ರಿಂಗನ್ನು ಮುಟ್ಟುವವರು ಯಾರೂ ಇಲ್ಲ. ಚೆಂಡು ಸಿಗುವುದು ಅದರಿಂದ ಸಾಕಷ್ಟು ಕೆಳಗೇ. ಹಾಗಾಗಿ ಹಾರುವ ಶಕ್ತಿಗಿಂತ ಹಿಡಿದುಕೊಂಡ ಜಾಗ ಮುಖ್ಯ. ಎತ್ತರ ಇಲ್ಲ ಎಂದು ಬೇಜಾರಾಗುವ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇದು. ಚೆಂಡು ಎಲ್ಲಿ ಬೀಳುತ್ತದೆ ಎಂಬುದಕ್ಕೂ ಒಂದು ಅಂದಾಜಿದೆ. ದೂರದಿಂದ ಹೊಡೆದದ್ದು ದೂರಕ್ಕೆ ಪುಟಿಯುತ್ತದೆ, ಮೂಲೆಯಿಂದ ಹೊಡೆದದ್ದು ಹೆಚ್ಚಾಗಿ ಆಚೆ ಬದಿಗೆ ಬೀಳುತ್ತದೆ. ಜೊತೆಗೆ ಆಡುವವರಲ್ಲಿ ಯಾರ ಶಾಟ್ ಚಿಕ್ಕದಾಗುತ್ತದೆ, ಯಾರದ್ದು ಉದ್ದವಾಗುತ್ತದೆ ಎಂದು ಅಭ್ಯಾಸದಲ್ಲೇ ನೋಡಿಟ್ಟುಕೊಳ್ಳಬಹುದು.

ಸ್ಕ್ರೀನ್ ವಿಷಯಕ್ಕೆ ಒಂದು ಮ್ಯಾಚಿನ ಕಥೆ ಹೇಳಲೇಬೇಕು. 2024ರ ಏಪ್ರಿಲ್ 5ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಾಲೇಜು ಹುಡುಗಿಯರ ಸೆಮಿಫೈನಲ್. ಅಯೋವಾ ಮತ್ತು ಕನೆಕ್ಟಿಕಟ್. ನಮಗೆ ಇಲ್ಲಿ ಆಗಲೇ ಶನಿವಾರ ಬೆಳಗ್ಗೆ. ಅಯೋವಾದ ಕೇಟ್ಲಿನ್ ಕ್ಲಾರ್ಕ್ ಹೆಸರು ಎಲ್ಲರಿಗೂ ಗೊತ್ತು, ಕಾಲೇಜಿನ ನಾಲ್ಕು ವರ್ಷದಲ್ಲಿ 3,951 ಪಾಯಿಂಟ್ ಹಾಕಿದವಳು. ಆದರೆ ಆ ಮ್ಯಾಚಿನ ಕೊನೆ ನಿರ್ಧಾರವಾದದ್ದು ಶಾಟಿನಿಂದಲ್ಲ. ಅಯೋವಾ ಒಂದು ಪಾಯಿಂಟ್ ಮುಂದಿತ್ತು, ಚೆಂಡು ಕನೆಕ್ಟಿಕಟ್ ಕೈಯಲ್ಲಿ. ಕನೆಕ್ಟಿಕಟ್‌ನ ಆಲಿಯಾ ಎಡ್ವರ್ಡ್ಸ್ ಸ್ಕ್ರೀನ್ ಹಾಕಲು ಬಂದಳು, ಅಯೋವಾದ ಗ್ಯಾಬಿ ಮಾರ್ಷಲ್ ಅದಕ್ಕೆ ತಾಗಿದಳು, ರೆಫರಿ ಸೀಟಿ ಊದಿದರು. ಸ್ಕ್ರೀನ್ ಹಾಕಿದವಳದ್ದೇ ಫೌಲ್. ಆಗ ಉಳಿದಿದ್ದದ್ದು 3.9 ಸೆಕೆಂಡ್. ಚೆಂಡು ಅಯೋವಾಕ್ಕೆ ಹೋಯಿತು. ಆಮೇಲೆ ಕ್ಲಾರ್ಕ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿದಳು. ಆ ರೀಬೌಂಡಿಗೆ ಕೈ ಹಾಕಿದವಳು ಅವರದೇ ತಂಡದ ಸಿಡ್ನಿ ಆಫಾಲ್ಟರ್. 71–69ಕ್ಕೆ ಅಯೋವಾ ಗೆದ್ದಿತು.

ಆ ಫೌಲ್ ಸರಿಯೋ ತಪ್ಪೋ ಎಂದು ತುಂಬಾ ಜಗಳವಾಯಿತು. ನಾನು ನಮ್ಮ ಹುಡುಗಿಯರಿಗೆ ಆ ನಾಲ್ಕು ಸೆಕೆಂಡನ್ನು ಮತ್ತೆ ಮತ್ತೆ ತೋರಿಸಿದ್ದು ಬೇರೆ ಕಾರಣಕ್ಕೆ. ಅಲ್ಲಿ ನಡೆದದ್ದರಲ್ಲಿ ಒಂದು ಸ್ಕ್ರೀನ್, ಒಂದು ರೀಬೌಂಡ್. ಎರಡೂ ಚೆಂಡು ಕೈಯಲ್ಲಿಲ್ಲದಾಗ ಮಾಡುವ ಕೆಲಸಗಳೇ ಅಲ್ವಾ.

ಸ್ಕ್ರೀನ್ ಹಾಕುವವಳು ಎರಡೂ ಪಾದ ನೆಲಕ್ಕೆ ಊರಿ ನಿಲ್ಲಬೇಕು. ತಾಗುವ ಹೊತ್ತಿಗೆ ಅಲುಗಬಾರದು, ಸೊಂಟವನ್ನೋ ಮೊಣಕೈಯನ್ನೋ ಹೊರಗೆ ಚಾಚಬಾರದು. ಎದುರಾಳಿಗೆ ಕಾಣದ ಹಾಗೆ ಹಿಂದಿನಿಂದ ಬಂದರೆ ಅವಳಿಗೆ ಒಂದು ಹೆಜ್ಜೆ ಜಾಗ ಬಿಡಬೇಕು. ನಾನು ಎರಡು ಕೈಯನ್ನೂ ಎದೆಗೆ ಅಡ್ಡ ಹಿಡಿದು, “ಅವಳೇ ಬಂದು ತಾಗಲಿ” ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನೋವಾಗುತ್ತದೆ, ನಿಜ. ಆದರೆ ಒಂದು ಗಟ್ಟಿ ಸ್ಕ್ರೀನ್ ಆದ ಮೇಲೆ ಎದುರು ತಂಡದ ಇಬ್ಬರೂ ಚೆಂಡಿನ ಹಿಂದೆ ಓಡುತ್ತಾರೆ. ಆಗ ತಿರುಗಿ ರಿಂಗಿನ ಕಡೆ ನಡೆದರೆ ನಿಮ್ಮನ್ನು ಕಾಯುವವರು ಯಾರೂ ಇರುವುದಿಲ್ಲ. ಮೂರನೇ ವರ್ಷದಲ್ಲಿ ನನ್ನ ಅರ್ಧಕ್ಕರ್ಧ ಪಾಯಿಂಟ್ ಬಂದದ್ದು ಹೀಗೇ.

ಇನ್ನೊಂದನ್ನು ನಾನು ತಡವಾಗಿ ಕಲಿತೆ, ಅದಕ್ಕೆ ಈಗಲೂ ಸಂಕಟವಾಗುತ್ತದೆ: ಇಳಿಯುವುದು ಮತ್ತು ನಿಲ್ಲುವುದು. ಎರಡನೇ ವರ್ಷದಲ್ಲಿದ್ದಾಗ ಜುಲೈ ತಿಂಗಳ ಒಂದು ಬೆಳಗ್ಗೆ, ಗೋಣಿ ಹಾಕಿ ನೀರು ಒರೆಸಿದ ಸಿಮೆಂಟ್ ಅಂಗಳದಲ್ಲಿ ನಮ್ಮ ತಂಡದಲ್ಲಿ ಸೆಂಟರ್ ಆಡುತ್ತಿದ್ದವಳು ರೀಬೌಂಡ್ ಹಿಡಿದು ಒಂಟಿ ಕಾಲಿನ ಮೇಲೆ ಇಳಿದಳು. ಮೊಣಕಾಲು ಒಳಕ್ಕೆ ವಾಲಿತು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ಅವಳು ಮತ್ತೆ ಆಡಲಿಲ್ಲ. ಈ ಗಾಯ ಗಂಡು ಆಟಗಾರರಿಗಿಂತ ಹೆಣ್ಣು ಆಟಗಾರರಿಗೆ ಎರಡು ಮೂರು ಪಟ್ಟು ಜಾಸ್ತಿ ಎಂದು ಆಮೇಲೆ ಓದಿ ತಿಳಿದೆ. ನಮಗೆ ಹಾರಲು ಕಲಿಸಿದ್ದರು, ಇಳಿಯಲು ಕಲಿಸಿರಲಿಲ್ಲ. ಈಗ ನನ್ನ ತಂಡದಲ್ಲಿ ಮೊದಲ ಹತ್ತು ನಿಮಿಷ ಚೆಂಡೇ ಹೊರಗೆ ಬರುವುದಿಲ್ಲ. ಎರಡು ಕಾಲಿನಲ್ಲಿ ಇಳಿ, ಮೊಣಕಾಲು ಬಗ್ಗಿಸು, ಮೊಣಕಾಲು ಪಾದದ ನೇರಕ್ಕೇ ಇರಲಿ, ಸದ್ದಾಗದ ಹಾಗೆ ಇಳಿ. ಸದ್ದು ಕೇಳಿದರೆ ಮತ್ತೆ ಮಾಡಿಸುತ್ತೇನೆ. ಮಳೆಗಾಲದಲ್ಲಿ ನೆಲ ಒಣಗದಿದ್ದರೆ ಆಟವೇ ಇಲ್ಲ. ಮ್ಯಾಚ್ ಹತ್ತಿರ ಬಂತು ಎಂದು ಯಾರು ಒತ್ತಾಯ ಮಾಡಿದರೂ ಇಲ್ಲ.

ಎದುರಾಳಿ ನುಗ್ಗಿ ಬರುವಾಗ ದಾರಿಗೆ ಅಡ್ಡ ನಿಂತು, ಡಿಕ್ಕಿ ತಿಂದು ಬಿದ್ದು ಫೌಲ್ ಗಳಿಸುವುದನ್ನು ಬಹಳ ಜನ ಹೊಗಳುತ್ತಾರೆ. ಮರದ ನೆಲದಲ್ಲಿ ಸರಿ. ಸಿಮೆಂಟಿನ ಮೇಲೆ ನಾನು ಅದನ್ನು ಕಲಿಸುವುದಿಲ್ಲ.

ಪಾಸಿನ ಬಗ್ಗೆ ಒಂದೇ ಮಾತು. ಪಾಸ್ ತಲುಪಿದರೆ ಸಾಲದು, ಹೊಡೆಯುವವಳ ಎದೆಯ ಹತ್ತಿರ, ಅವಳ ಕೈ ಇರುವಲ್ಲಿಗೇ ಬರಬೇಕು. ಮೊಣಕಾಲಿನ ಹತ್ತಿರ ಬಂದ ಚೆಂಡನ್ನು ಬಗ್ಗಿ ಎತ್ತುವಷ್ಟರಲ್ಲಿ ಡಿಫೆಂಡರ್ ಬಂದಾಗಿರುತ್ತದೆ. ಹಿಡಿಯುವವಳೂ ಹತ್ತು ಬೆರಳು ತೋರಿಸಿ ಕೇಳಬೇಕು.

ಇವೆಲ್ಲ ಕಣ್ಣಿಗೆ ಬೀಳಬೇಕಾದರೆ ಅಪ್ಪನ ಹಾಗೆ ನೋಡಬೇಕು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಂಗಸರ ತಂಡ ಏಷ್ಯಾ ಕಪ್ ಬಿ ಡಿವಿಷನ್ ಫೈನಲಿನಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಎ ಡಿವಿಷನ್ನಿಗೆ ಏರಿತು. ಅಂಥ ಮ್ಯಾಚ್ ನೋಡುವಾಗ ಒಂದು ಕ್ವಾರ್ಟರ್ ಪೂರ್ತಿ ಒಬ್ಬಳೇ ಆಟಗಾರ್ತಿಯ ಮೇಲೆ ಕಣ್ಣಿಡಲು ನಮ್ಮ ಹುಡುಗಿಯರಿಗೆ ಹೇಳುತ್ತೇನೆ. ಚೆಂಡು ಎಲ್ಲಿಗೆ ಬೇಕಾದರೂ ಹೋಗಲಿ, ನಿಮ್ಮ ಕಣ್ಣು ಅವಳನ್ನು ಬಿಡಬಾರದು. ಮೊದಲ ಸಲ ಬಹಳ ಕಷ್ಟ. ಎರಡೇ ನಿಮಿಷಕ್ಕೆ ಕಣ್ಣು ಚೆಂಡಿನ ಹಿಂದೆ ಓಡಿರುತ್ತದೆ.

ನಾನೀಗ ಒಂದು ಕಾಲೇಜು ತಂಡಕ್ಕೆ ಕಲಿಸುತ್ತೇನೆ. ಹುಡುಗಿಯರು ಮರಾಠಿಯಲ್ಲಿ ‘ತಾಈ’ ಎನ್ನುತ್ತಾರೆ, ಅಕ್ಕ ಅಂತ. ಮನೆಗೆ ಬಂದಾಗ ಅದನ್ನು ಕೇಳಿಸಿಕೊಂಡ ಅಮ್ಮನಿಗೆ ‘ತಾಯಿ’ ಎಂದೇ ಕೇಳಿಸುತ್ತದೆ. ಬಿಲ್ ಪುಸ್ತಕದ ಪದ್ಧತಿ ಬಿಟ್ಟಿಲ್ಲ. ಬೆಂಚಿನಲ್ಲಿ ಕೂತವಳು ಆಡುತ್ತಿರುವ ಒಬ್ಬಳ ಲೆಕ್ಕ ಬರೆಯಬೇಕು. ಪಾಯಿಂಟ್ ಬರೆಯುವ ಹಾಗಿಲ್ಲ, ಅದನ್ನು ಸ್ಕೋರರ್ ಬರೆಯುತ್ತಾರೆ.

ಈ ವರ್ಷ ಮುಂಬೈ ಹತ್ತಿರದ ಕಲ್ಯಾಣದಿಂದ ಒಬ್ಬಳು ಹೊಸಬಳು ಬಂದಿದ್ದಾಳೆ. ಮನೆಮಾತು ಕನ್ನಡ, ಅಜ್ಜಿಯ ಊರು ಬಾಗಲಕೋಟೆ ಕಡೆ. ಒಳ್ಳೆಯ ಕಾಲು, ಒಳ್ಳೆಯ ಕೈ. ದನಿ ಮಾತ್ರ ಹೊರಗೆ ಬರುವುದಿಲ್ಲ. ಅಭ್ಯಾಸದಲ್ಲಿ ಅವಳನ್ನು ಅಂಗಳದ ಒಂದು ತುದಿಯಲ್ಲಿ ನಿಲ್ಲಿಸಿ, 28 ಮೀಟರ್ ಆಚೆಯ ತುದಿಯಲ್ಲಿ ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಅವಳು ಎಡ ಎಂದರೆ ಎಡಕ್ಕೆ ಸರಿಯಬೇಕು, ಬಲ ಎಂದರೆ ಬಲಕ್ಕೆ. ಕೇಳದಿದ್ದರೆ ನಾನು ಅಲುಗುವುದಿಲ್ಲ. ಮೊದಲ ವಾರ ಬಹಳ ಹೊತ್ತು ನಿಂತೇ ಇದ್ದೆ. ಈಗ ಎರಡನೇ ಕ್ವಾರ್ಟರಿನವರೆಗೆ ಕೂಗುತ್ತಾಳೆ, ಸುಸ್ತಾದ ಮೇಲೆ ಮತ್ತೆ ಮೌನ. ಶನಿವಾರ ಮ್ಯಾಚ್ ಇದೆ. ಮೂರನೇ ಕ್ವಾರ್ಟರಿನಲ್ಲಿ ಅವಳನ್ನು ಐದು ನಿಮಿಷ ಬೆಂಚಿಗೆ ಕರೆದು, ಬಿಲ್ ಪುಸ್ತಕವನ್ನು ಅವಳ ಕೈಗೇ ಕೊಡಬೇಕು ಎಂದುಕೊಂಡಿದ್ದೇನೆ.