ತೋಟಾ ಮೊದಲು, ರೈಫಲ್ ಆಮೇಲೆ
ಯುರೋಪಿನ ಹಳೆಯ ಬೋಲ್ಟ್ ರೈಫಲ್ ಕೊಳ್ಳುವುದು ಹೇಗೆ?

ಪುಣೆ, ಮುಂಬೈಯ ಹಳೆಯ ಬಂದೂಕಿನ ಅಂಗಡಿಗಳಲ್ಲಿ ಮುಂದಿನ ಕಪಾಟು ನೋಡಿ ವಾಪಸ್ ಬರಬೇಡಿ. ಒಳಗಿನ ಕೋಣೆಯಲ್ಲಿ ಏನಿದೆ ಅಂತ ಕೇಳಿ. ಜರ್ಮನಿಯ ಮೌಸರ್, ಆಸ್ಟ್ರಿಯಾದ ಮ್ಯಾನ್‌ಲಿಕರ್, ಝೆಕ್ ದೇಶದ ಬ್ರನೋ ಇದ್ದರೂ ಇರಬಹುದು. ಇವು ಬೋಲ್ಟ್ ರೈಫಲ್‌ಗಳು, ಅಂದರೆ ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವಂಥವು. ಹೆಚ್ಚಿನವು ಯಾರದೋ ಅಜ್ಜನವು. ಮಕ್ಕಳಿಗೆ ಲೈಸೆನ್ಸ್ ಇಲ್ಲ, ಆಸಕ್ತಿಯೂ ಇಲ್ಲ, ಅಂಗಡಿಯಲ್ಲಿ ಜಮಾ ಮಾಡಿದ್ದಾರೆ. ಸಾಮಾನ್ಯ ಜನ ಹೊರದೇಶದಿಂದ ಬಂದೂಕು ತರಿಸುವುದಕ್ಕೆ ಎಂಬತ್ತರ ದಶಕದಿಂದಲೇ ತಡೆ ಇದೆ. ಹಾಗಾಗಿ ದೇಶದೊಳಗೆ ಇರುವಷ್ಟೇ ಮಾಲು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಬೆಲೆ ಜಾಸ್ತಿ ಆಗದೆ ಇನ್ನೇನು?

ಇದನ್ನು ಹಿಡಿದು ಕಾಡಿಗೆ ಹೋಗುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಒಳ್ಳೆಯ ಕೈಕೆಲಸದ ಮೇಲಿನ ಪ್ರೀತಿಗೆ, ಗುರಿ ಅಭ್ಯಾಸಕ್ಕೆ ಕೊಳ್ಳುವವರಿಗಾಗಿ ಈ ಬರಹ.

ಲೈಸೆನ್ಸ್

ಪುಣೆ, ಮುಂಬೈಯಂಥ ನಗರಗಳಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಕಚೇರಿಗೆ. ಪಿಂಪ್ರಿ-ಚಿಂಚ್‌ವಡದವರಿಗೆ ಅವರದೇ ಬೇರೆ ಕಮಿಷನರ್ ಇದ್ದಾರೆ. ಗೋವಾದಲ್ಲಿ ನಿಮ್ಮ ಜಿಲ್ಲೆಯ ಜಿಲ್ಲಾಧಿಕಾರಿಗೆ. ವಯಸ್ಸು 21 ತುಂಬಿರಬೇಕು. ಫಾರ್ಮ್ ಎ-1, ವೈದ್ಯರ ಪತ್ರ, ಬಂದೂಕು ಸುರಕ್ಷತೆಯ ತರಬೇತಿ ಪತ್ರ, ಆಮೇಲೆ ಪೊಲೀಸ್ ವಿಚಾರಣೆ. ತಾಳ್ಮೆ ಇರಲಿ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿ ಆಗಲೇ ಎರಡಿದ್ದರೆ ಒಂದನ್ನು ಕಳಿಸಿಯೇ ಇನ್ನೊಂದನ್ನು ತರಬೇಕು.

ಇಲ್ಲಿ ನೆಲೆಸಿದ ನಮ್ಮ ಕನ್ನಡಿಗರು ಮರೆಯುವ ವಿಷಯ ಒಂದಿದೆ. ಲೈಸೆನ್ಸ್ ಎಲ್ಲೆಲ್ಲಿ ಚಲಾವಣೆ ಎಂಬುದು ಅದರಲ್ಲೇ ಬರೆದಿರುತ್ತದೆ. ಮಹಾರಾಷ್ಟ್ರಕ್ಕೆ ಮಾತ್ರ ಇದ್ದರೆ ರಜೆಗೆ ಊರಿಗೆ ಹೋಗುವಾಗ ರೈಫಲ್ಲನ್ನು ಬೆಳಗಾವಿ ಗಡಿ ದಾಟಿಸುವಂತಿಲ್ಲ. ಕೊಡವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ ನಿಜ. ಆದರೂ ಪುಣೆಯ ಮನೆಯಲ್ಲಿ ಕೋವಿ ಇಡುವ ಮೊದಲು ವಿನಾಯಿತಿ ಪತ್ರ ತೋರಿಸಿ ಕಚೇರಿಯಲ್ಲಿ ಕೇಳಿಬಿಡುವುದು ಒಳ್ಳೆಯದು.

ತೋಟಾ ಸಿಗುತ್ತಾ?

ಹೊಸಬರು ಎಡವುವುದು ಇಲ್ಲೇ. ಅಂದದ ಮರ, ತೆಳು ನಳಿಗೆ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಆಮೇಲೆ ತೋಟಾ ಹುಡುಕಿಕೊಂಡು ಊರೂರು ಅಲೆಯುತ್ತಾರೆ.

ಮೊದಲು ನಳಿಗೆಯ ಮೇಲೆ ಕೊರೆದ ಅಂಕಿ ಓದಿ. ಅದು ಬೋರ್, ಅಂದರೆ ಯಾವ ಅಳತೆಯ ತೋಟಾ ಎಂಬುದರ ಗುರುತು. .303 ಅಂತಿದ್ದರೆ ಕೆಳಗಿಡಿ. ಅದು ಸೈನ್ಯದ ಬೋರ್, ವ್ಯಾಪಾರಿಗಳ ಮಾತಿನಲ್ಲಿ ‘ಪಿ.ಬಿ.’ (ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಬೋರ್), ಸಾಮಾನ್ಯ ಲೈಸೆನ್ಸ್‌ಗೆ ಬರುವುದಿಲ್ಲ. ಬೋಲ್ಟ್ ರೈಫಲ್ ಆದರೂ ಅಷ್ಟೇ. 7.62 ಕೂಡ ಹಾಗೇ. ನಿಮಗೆ ಬೇಕಾದದ್ದು ‘ಎನ್.ಪಿ.ಬಿ.’, ಅಂದರೆ ನಿಷೇಧವಿಲ್ಲದ ಬೋರ್.

ಅದರಲ್ಲಿ ನೆಮ್ಮದಿಯ ಆಯ್ಕೆ .315. ಇದು ಮೂಲದಲ್ಲಿ ಆಸ್ಟ್ರಿಯಾದ 8×50 ಮ್ಯಾನ್‌ಲಿಕರ್ ತೋಟಾ. ಈಗ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ತೋಟಾದ ಹಿಂಬದಿ ತಿರುಗಿಸಿದರೆ ‘ಕೆ.ಎಫ್.’ ಅಂತ ಅಚ್ಚು ಕಾಣುತ್ತದೆ. ಅದು ಪುಣೆಯ ಖಡ್ಕಿ ಕಾರ್ಖಾನೆಯ ಗುರುತು.

7×57 ಮೌಸರ್ ಸೊಗಸಾದ ಬೋರ್. ಇಂಗ್ಲೆಂಡಿನ ರಿಗ್ಬಿ ಕಂಪನಿ ಅದನ್ನೇ .275 ಎಂಬ ಹೆಸರಲ್ಲಿ ಮಾರುತ್ತಿತ್ತು. ಜಿಮ್ ಕಾರ್ಬೆಟ್ ಬಳಸಿದ್ದೂ ಅಂಥದ್ದೇ, ಮತ್ತು ಅಂಗಡಿಯವರು ಅದನ್ನು ಹೇಳದೆ ಬಿಡುವುದಿಲ್ಲ. ಕಾರ್ಬೆಟ್ ಹೆಸರಿಗೆ ದುಡ್ಡು ಕೊಡಬೇಡಿ. ‘ತೋಟಾ ಇದೆಯಾ, ಎಷ್ಟಿದೆ, ಮುಂದಿನ ವರ್ಷ ಸಿಗುತ್ತಾ’ ಅಂತ ಕೇಳಿ. ಉತ್ತರ ತಡವರಿಸಿದರೆ ಅದು ಗೋಡೆಗೆ ತೂಗುಹಾಕುವ ರೈಫಲ್ ಅಂತಲೇ ತಿಳಿಯಿರಿ. 6.5×54 ಮ್ಯಾನ್‌ಲಿಕರ್-ಶೋನವರ್ ಬಗ್ಗೆಯೂ ಇದೇ ಮಾತು. 1903ರ ಆ ರೈಫಲ್ಲಿನ ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ, ತೋಟಾಗಳನ್ನು ಹಿಡಿದಿಟ್ಟು ಒಳಗೆ ತಿರುಗುವ ಮ್ಯಾಗಜೀನ್ ನೋಡುವುದೇ ಒಂದು ಖುಷಿ. ಹೊಟ್ಟೆಗೆ ಹಾಕಲು ತೋಟಾ ಬೇಕಲ್ವಾ?

8×57ರಲ್ಲಿ ಅಪಾಯವೇ ಇದೆ. ಹಳೆಯ ನಳಿಗೆಗಳಿಗೆ .318 ಇಂಚಿನ ಗುಂಡು, ನಂತರದವಕ್ಕೆ .323. ನಂತರದ ತೋಟಾಗಳಿಗೆ ‘ಎಸ್’ ಗುರುತು ಇರುತ್ತದೆ. ಅದನ್ನು ಹಳೆಯ ನಳಿಗೆಯಲ್ಲಿ ಹಾರಿಸಿದರೆ ಒತ್ತಡ ಮಿತಿ ಮೀರುತ್ತದೆ. ಗುರುತು ಸ್ಪಷ್ಟವಿಲ್ಲದಿದ್ದರೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ನಿಂದ ನಳಿಗೆ ಅಳೆಸಿ.

ಕೈಗೆ ತೆಗೆದುಕೊಂಡಾಗ

ಯಾರು ಎಷ್ಟೇ ‘ಖಾಲಿ ಇದೆ ಸಾಹೇಬರೇ’ ಅಂದರೂ ಬೋಲ್ಟ್ ತೆರೆದು ಒಳಗೆ ಕಣ್ಣು ಹಾಯಿಸಿ, ಕಿರುಬೆರಳು ಹಾಕಿ ನೋಡಿ. ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ.

ನಳಿಗೆಯೊಳಗೆ ಒಣ ಬಟ್ಟೆ ಓಡಿಸಿ. ಎಣ್ಣೆ ತುಂಬಿಟ್ಟರೆ ಎಂಥ ನಳಿಗೆಯೂ ಮಿಂಚುತ್ತದೆ. ಈಗ ಬೆಳಕಿನ ಕಡೆ ಹಿಡಿದು ಹಿಂದಿನಿಂದ ನೋಡಿ. ಸುತ್ತಿಕೊಂಡು ಹೋಗುವ ಗೆರೆಗಳ ಅಂಚು ಚೂಪಾಗಿರಬೇಕು. ಗೆರೆಗಳ ಮೂಲೆಯಲ್ಲಿ ಕಪ್ಪು ಚುಕ್ಕೆ ಕಂಡರೆ ತುಕ್ಕು ತಿಂದ ಗುಳಿಗಳು. ಆಗಿನ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಕ್ಯಾಪ್, ಹಾರಿಸಿದ ಮೇಲೆ ಉಪ್ಪಿನಂಥ ಅಂಶ ಉಳಿಸುತ್ತಿತ್ತು. ಅದು ಗಾಳಿಯ ತೇವ ಎಳೆಯುತ್ತದೆ. ಮುಂಬೈ, ಗೋವಾದ ಮಳೆಗಾಲದಲ್ಲಿ ತೊಳೆಯದೆ ಇಟ್ಟರೆ ಕಥೆ ಮುಗಿಯಿತು. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಚೌಕಾಸಿಗೆ ಬಳಸಿಕೊಳ್ಳಿ. ಉದ್ದಕ್ಕೂ ಇದ್ದರೆ ಬೇಡ.

ನಂಬರ್ ಹೋಲಿಸಿ. ರಿಸೀವರ್, ಅಂದರೆ ಬೋಲ್ಟ್ ಕೂರುವ ಲೋಹದ ಭಾಗ, ಅದರ ಮೇಲಿನ ನಂಬರೇ ಬೋಲ್ಟ್ ಮೇಲೂ ಇದ್ದರೆ ಒಳ್ಳೆಯದು. ಬೇರೆ ಇದ್ದರೆ ಯಾರೋ ಬೋಲ್ಟ್ ಬದಲಿಸಿದ್ದಾರೆ. ಬೋಲ್ಟಿಗೂ ತೋಟಾದ ಬೆನ್ನಿಗೂ ನಡುವೆ ಜಾಗ ಜಾಸ್ತಿಯಾದರೆ ತೋಟಾದ ಹಿತ್ತಾಳೆ ಕವಚ ಹರಿದು ಬಿಸಿ ಗಾಳಿ ಮುಖಕ್ಕೆ ನುಗ್ಗಬಹುದು. ಗನ್‌ಸ್ಮಿತ್ ಬಳಿ ಇದಕ್ಕೆ ಎರಡು ಗೇಜ್ ಇರುತ್ತವೆ. ‘ಗೋ’ ಹಾಕಿದರೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಹಾಕಿದರೆ ಮುಚ್ಚಬಾರದು. ಈ ಪರೀಕ್ಷೆ ಆಗದೆ ಹಣ ಕೊಡಬೇಡಿ.

ಮರದಲ್ಲಿ ಬಿರುಕು ಬರುವುದು ರಿಸೀವರಿನ ಹಿಂಬಾಲದ ಹತ್ತಿರ. ದುರ್ಬೀನು ಕೂರಿಸಲು ಕೊರೆದು ಮುಚ್ಚಿದ ತೂತುಗಳಿದ್ದರೆ ಬೆಲೆ ಇಳಿಯಬೇಕು. ಎರಡು ಟ್ರಿಗರ್ ಕಂಡು ಜೋಡಿನಳಿಗೆ ಅಂದುಕೊಳ್ಳಬೇಡಿ. ಹಿಂದಿನದನ್ನು ಎಳೆದರೆ ಮುಂದಿನದು ಉಸಿರು ತಾಗಿದರೂ ಬೀಳುವಷ್ಟು ಹಗುರಾಗುತ್ತದೆ. ಖಾಲಿ ಇದ್ದಾಗಲೇ ಅಭ್ಯಾಸ ಮಾಡಿ.

ಕಾಗದ

ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ನಿಮ್ಮ ಹೆಸರು, ವಿಳಾಸ ಕೊಟ್ಟು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಬೇಕು. ಅದಾಗಿ 45 ದಿನ ಕಳೆಯದೆ ರೈಫಲ್ ಕೈ ಬದಲಾಗುವಂತಿಲ್ಲ. ‘ನಮ್ಮವರೇ, ಈಗಲೇ ಒಯ್ಯಿರಿ’ ಅಂದರೂ ಒಪ್ಪಬೇಡಿ. ವಾರಸುದಾರರು ಮಾರುತ್ತಿದ್ದರೆ ತೀರಿಹೋದವರ ಲೈಸೆನ್ಸ್, ಜಮಾ ರಸೀದಿ ಎರಡನ್ನೂ ನೋಡಿ. ಅದರಲ್ಲಿನ ನಂಬರ್ ರೈಫಲ್ ಮೇಲಿನ ನಂಬರಿಗೆ ಅಂಕಿ ಅಂಕಿಗೂ ತಾಳೆಯಾಗಬೇಕು. ಕೊಂಡ ಮೇಲೆ ನಿಮ್ಮ ಲೈಸೆನ್ಸ್‌ನಲ್ಲಿ ಅದನ್ನು ದಾಖಲು ಮಾಡಿಸಿ.

ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಲು ಕರೆ ಬರಬಹುದು. ಹಿಂದಿನ ರಾತ್ರಿ ನಳಿಗೆಗೆ ತೆಳುವಾಗಿ ಎಣ್ಣೆ ಸವರಿ, ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ರಸೀದಿಯಲ್ಲಿ ನಂಬರಿನ ಜೊತೆ ದುರ್ಬೀನು, ಪಟ್ಟಿ ಕೂಡ ಬರೆಸಿಕೊಳ್ಳಿ.