ಹಳೇ ಕಥೆಯನ್ನು ಹೊಸ ಊರಿಗೆ ತರುವುದು ಹೇಗೆ?

ಸುಮ್ನೆ ಹೆಸರು, ಬಟ್ಟೆ ಬದಲಿಸಿದರೆ ಸಾಲದು. ಮೂಲ ಕಥೆಯಲ್ಲಿ ಜನ ಯಾರ ಮಾತು ನಂಬುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಅಂತ ಮೊದಲು ನೋಡಿ. ನಿಮ್ಮ ಊರಲ್ಲಿ ಆ ಕೆಲಸ ಮಾಡುವವರು ಯಾರು?

ಷೇಕ್ಸ್‌ಪಿಯರ್‌ನ ನಾಟಕ 'ಮ್ಯಾಕ್‌ಬೆತ್' ತಗೊಳ್ಳಿ. ಅದರಲ್ಲಿ ಭವಿಷ್ಯ ನುಡಿಯುವ ಸ್ಕಾಟ್ಲೆಂಡಿನ ಮಾಟಗಾತಿಯರನ್ನು ಮುಂಬೈ ಭೂಗತ ಲೋಕಕ್ಕೆ ಹಾಗೇ ತಂದಿದ್ದರೆ ಜನ ನಕ್ಕುಬಿಡುತ್ತಿದ್ದರು; 2003ರ ಹಿಂದಿ ಸಿನಿಮಾ 'ಮಕ್ಬೂಲ್'ನಲ್ಲಿ ನಿರ್ದೇಶಕ ವಿಶಾಲ್ ಭಾರದ್ವಾಜ್ ಆ ಜಾಗಕ್ಕೆ ಇಬ್ಬರು ಪೊಲೀಸರನ್ನು ತಂದರು, ಕುಂಡಲಿ ಬರೆದು ಭವಿಷ್ಯ ಹೇಳುತ್ತಲೇ ಗ್ಯಾಂಗಿನೊಳಗೆ ಕಡ್ಡಿ ಆಡಿಸುವವರನ್ನು. ಮೂಲದಲ್ಲಿ ನಾಯಕನ ಸೋಲಿನ ಸೂಚನೆಯಾಗಿ ಕಾಡು ನಡೆದು ಬರುತ್ತದೆ, ಇಲ್ಲಿ ಸಮುದ್ರ ಮನೆಗೆ ಬರುತ್ತದೆ. ಮುಂಬೈ ಅಲ್ವಾ! ಜಪಾನಿನ ನಿರ್ದೇಶಕ ಕುರೊಸಾವಾ 1957ರ ಸಿನಿಮಾದಲ್ಲಿ ಇದೇ ಕಥೆಯನ್ನು ಅಲ್ಲಿನ ಯೋಧರಾದ ಸಮುರಾಯ್‌ಗಳ ಕಾಲಕ್ಕೆ ಒಯ್ದಾಗ ಮಾಟಗಾತಿಯರ ಬದಲು ಕಾಡಲ್ಲಿ ನೂಲುವ ಒಂದೇ ಭೂತ ಸಾಕಾಯಿತು.

ಈಗಿನ ಕಾಲಕ್ಕೆ ತರುವಾಗ ಹುಷಾರು. 'ರೋಮಿಯೋ ಜೂಲಿಯೆಟ್'ನಲ್ಲಿ ಜೂಲಿಯೆಟ್ ಸತ್ತಂತೆ ನಟಿಸುತ್ತಾಳೆ ಅಂತ ತಿಳಿಸುವ ಪತ್ರ ಕೈಸೇರದೆ ರೋಮಿಯೋ ಸಾಯುತ್ತಾನೆ. ಇವತ್ತಾದರೆ ಒಂದು ವಾಟ್ಸಾಪ್ ಮೆಸೇಜು ಸಾಕು. ನೆಟ್‌ವರ್ಕ್ ಇರಲಿಲ್ಲ ಅನ್ನೋ ನೆಪ ಬೇಡ, ಗಟ್ಟಿಯಾದ ಬೇರೆ ಅಡ್ಡಿ ಹುಡುಕಿ.