ಟುವಾರೆಗ್ ಗಿಟಾರ್ ನನಗೆ ಒಲಿದಿದ್ದು ಒನಕೆಯಿಂದ

ಸಹಾರಾ ಮರುಭೂಮಿಯ ಟುವಾರೆಗ್ ಜನರ ಗಿಟಾರ್ ಬ್ಯಾಂಡ್ ಟಿನಾರಿವೆನ್ ತರ ನುಡಿಸೋಕೆ ಅಲ್ಲೇ ಹುಟ್ಟಬೇಕು ಅಂತ ನನ್ನ ಬ್ಯಾಂಡಿನವರು ನಗುತ್ತಿದ್ದರು. ಈಗ ಅವರೇ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಸುರಿದೆ. ರಿವರ್ಬ್ ಪೆಡಲ್, ಹಳೇ ಟ್ಯೂಬ್ ಆಂಪ್, ಹೆಚ್ಚುಕಮ್ಮಿ 20 ಸಾವಿರ. ಹೆಬ್ಬೆರಳಲ್ಲಿ ಡ್ರೋನ್ (ಶ್ರುತಿಯಂತೆ ನಿಲ್ಲುವ ಒಂದೇ ಸ್ವರ), ತೋರುಬೆರಳಲ್ಲಿ ರಾಗ, ಎಡಗೈ ಬೆರಳಿಂದ ತಂತಿ ಕುಟ್ಟಿ ಸ್ವರ ಬರಿಸುವ ಹ್ಯಾಮರ್-ಆನ್ ಎಲ್ಲಾ ಸರಿ ಇತ್ತು. ಕೇಳಿದರೆ ಮಾತ್ರ ಸುಮ್ನೆ ಬಾರ್ ಬ್ಲೂಸ್.

ಆಮೇಲೆ ತಗಡಿನ ಗಿಟಾರ್ ಹುಚ್ಚು. ಟಿನಾರಿವೆನ್ ಕಟ್ಟಿದ ಇಬ್ರಾಹಿಂ ಅಗ್ ಅಲ್ಹಬೀಬ್ ಹುಡುಗನಾಗಿದ್ದಾಗ ಡಬ್ಬ, ಕೋಲು, ಸೈಕಲ್ ಬ್ರೇಕ್ ತಂತಿಯಿಂದ ಮಾಡಿಕೊಂಡಿದ್ದು ಗೊತ್ತಲ್ವಾ? 1963ರಲ್ಲಿ ಮಾಲಿ ದೇಶದ ಟುವಾರೆಗ್ ದಂಗೆಯ ಹೊತ್ತಲ್ಲಿ ಅವನ ಅಪ್ಪನನ್ನು ಕೊಂದರು, ಹುಡುಗ ಅಲ್ಜೀರಿಯಾ ಸೇರಿದ. ನಾನೂ ಬ್ರೇಕ್ ಕೇಬಲ್ ತಂದೆ, 40 ರೂಪಾಯಿ ಇರಬೇಕು. ಇಡೀ ಕೇಬಲ್ ಬಿಗಿದರೆ ಡಬ್ಬವೇ ಸೊಟ್ಟಗಾಯಿತು. ಹೊಸೆದದ್ದನ್ನು ಬಿಚ್ಚಿ ಒಂದೇ ಎಳೆ ಕಟ್ಟಬೇಕು. ಅದೂ ಮೊದಮೊದಲು ಪಟ್ ಅಂತ ಹರಿಯುತ್ತಿತ್ತು. ತಂತಿ ಕೂರುವ ಬ್ರಿಡ್ಜ್ ಕೆಳಗೆ ಏನಿಟ್ಟೆ ಅಂತ ಮಾತ್ರ ಹೇಳಲ್ಲ, ಆ ಗುಂಯ್ ಸದ್ದು ನನ್ನದೇ ಇರಲಿ.

ಆದರೂ ಆ ತಾಳದ ನಡೆ ಬರಲಿಲ್ಲ. ಅದು ಬಂದಿದ್ದು ತೆಂಡೆ ಅನ್ನೋ ಟುವಾರೆಗ್ ಚರ್ಮವಾದ್ಯದಿಂದ. ಒರಳಿನ ಬಾಯಿಗೆ ಒದ್ದೆ ಆಡಿನ ಚರ್ಮ, ಅಕ್ಕಪಕ್ಕ ಎರಡು ಒನಕೆ. ಒನಕೆಗಳ ತುದಿಯಲ್ಲಿ ಹೆಂಗಸರು ಕೂತು ಚರ್ಮ ಬಿಗಿ ಮಾಡುತ್ತಾರೆ. ಬಡಿಯೋದು, ಹಾಡೋದು, ಚಪ್ಪಾಳೆ ಹೆಚ್ಚಾಗಿ ಅವರದೇ. ಇಮ್ಜಾದ್ ಅನ್ನೋ ಒಂಟಿ ತಂತಿಯ ಪಿಟೀಲು ಕೂಡ ಹೆಂಗಸರದ್ದೇ. 1970ರ ದಶಕದ ಕೊನೆಗೆ ಅಲ್ಜೀರಿಯಾದ ತಮನ್‌ರಾಸೆಟ್‌ನಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಟುವಾರೆಗ್ ಹುಡುಗರು ಗಿಟಾರ್ ಹಿಡಿದಾಗ ಅವರ ಕಿವಿಯಲ್ಲಿ ಇದೆಲ್ಲ ಆಗಲೇ ಕೂತಿತ್ತು. ನಾವು ಗಿಟಾರನ್ನಷ್ಟೇ ಕದಿಯೋಕೆ ಹೋಗುತ್ತೇವೆ.

ಕಲ್ಲಿನ ಒರಳಲ್ಲಿ ನಾದವೇ ಇಲ್ಲ, ಬರೀ ಧಬ್. ಹಳೇ ಮರದ ಒರಳಿಗೆ ಸಾವಿರದ ಮೇಲೆ ಕೊಟ್ಟೆ, ಚರ್ಮಕ್ಕೆ ಇನ್ನೊಂದು 600. ತುದಿಗೆ ಕೂರೋಕೆ ಯಾರೂ ಒಪ್ಪಲಿಲ್ಲ, ಮರಳಿನ ಚೀಲ ಹೇರಿದೆ. ನಡುವೆ ಅರ್ಧ ಸೋರೆ ಬುರುಡೆಯನ್ನು ನೀರಿನ ಬೋಗುಣಿಯಲ್ಲಿ ಬೋರಲು ಹಾಕಿ ಚಪ್ಪಲಿಯಿಂದ ಬಡಿದೂ ನೋಡಿದೆ. ಬೇಸ್ ಡ್ರಮ್ಮೇ ಬೇಡ, ಅಷ್ಟು ಚೆನ್ನಾಗಿದೆ. ಆದರೆ ರಿಹರ್ಸಲ್ ರೂಮೆಲ್ಲ ನೀರು.

ಗಿಟಾರ್ ಮುಟ್ಟದೆ ತಿಂಗಳುಗಟ್ಟಲೆ ತೆಂಡೆ ಬಡಿದೆ. ಆರು ಎಣಿಕೆಯ 6/8 ತಾಳ ಒಮ್ಮೆ ಎರಡಾಗಿ, ಒಮ್ಮೆ ಮೂರಾಗಿ ಕೇಳಿಸುತ್ತದಲ್ಲ, ಅದು ಮೈಗೆ ಹತ್ತಬೇಕು. ಹತ್ತಿದ ಮೇಲೆ ಹೆಬ್ಬೆರಳು ಎರಡರಲ್ಲಿ, ಬೆರಳು ಮೂರರಲ್ಲಿ ತಾವೇ ಹೋದವು. ಪೆಡಲ್ ಅರ್ಧ ಬೆಲೆಗೆ ಮಾರಿದೆ.

ಮಾಡುವವರು ಬೇಸಿಗೆಯಲ್ಲೇ ಶುರು ಮಾಡಿ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಎಷ್ಟು ಚೀಲ ಹೇರಿದರೂ ಸಾಲಲ್ಲ.